18,000 ಪಿಂಗ್, ಒಂದು ತೆಂಗಿನ ಮಡಲು

ಆಟಿ ತಿಂಗಳ ಮಳೆಯಲ್ಲಿ ಕಾಪುವಿನಿಂದ ಅಕ್ಕನ ಮಗಳ ಫೋನ್: "ಮಾಮ, ಮೀಟಿಂಗಲ್ಲಿ ನನ್ನ ಮಾತು ಆಗಾಗ ತುಂಡಾಗ್ತದಂತೆ. ಸ್ಪೀಡ್ ಟೆಸ್ಟ್ ಮಾಡಿದ್ರೆ ಎಲ್ಲ ಸರಿ ಉಂಟು."

ಎರಡೂ ನಿಜವೇ ಇರಬಹುದು. ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ಟಿಸಿಪಿ ಎಂಬ ಡೇಟಾ ಕಳಿಸುವ ವಿಧಾನದಲ್ಲಿ ನಡೆಯುತ್ತದೆ. ದಾರಿಯಲ್ಲಿ ಕಳೆದ ಪ್ಯಾಕೆಟ್ಟನ್ನು, ಅಂದರೆ ಡೇಟಾದ ಸಣ್ಣ ತುಂಡನ್ನು, ಟಿಸಿಪಿ ಮತ್ತೆ ಕಳಿಸುವುದರಿಂದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಮಾತು ಹೆಚ್ಚಾಗಿ ಕಳೆದದ್ದನ್ನು ಮತ್ತೆ ಕಳಿಸದ ಯುಡಿಪಿಯಲ್ಲಿ ಹೋಗುತ್ತದೆ, 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್. ಅಲ್ಲಿ ತಡವಾಗಿ ಬಂದದ್ದೂ ಬಾರದ್ದೂ ಒಂದೇ.

ಉಡುಪಿಯಿಂದ ಲ್ಯಾಪ್‌ಟಾಪ್ ಹಿಡಿದು ಹೋದೆ. ವೈಫೈ ಬಿಟ್ಟು ರೂಟರಿಗೆ ನೇರ ಕೇಬಲ್ ಹಾಕಿದೆ. ರೂಟರಿನವರೆಗೆ ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ, ಆದರೂ ಕಾಲ್‌ನಲ್ಲಿ ಮಾತು ಮುರಿಯುತ್ತಿತ್ತು. ಹಾಗಾದರೆ ತೊಂದರೆ ಹೊರಗೆ.

ಎಂಟಿಆರ್‌ನಲ್ಲಿ 100 ಸುತ್ತು ನೋಡಿದೆ; ಇದು ದಾರಿಯ ಪ್ರತಿ ಹಾಪ್, ಅಂದರೆ ಪ್ರತಿ ನಿಲ್ದಾಣದ ನಷ್ಟ ತೋರಿಸುವ ಸಾಧನ. ಎರಡನೇ ಹಾಪ್‌ನಲ್ಲಿ 30% ನಷ್ಟ, ಕೊನೆಯ ಹಾಪ್‌ನಲ್ಲಿ 0. ಹೊಸಬರು ಎಡವುವುದು ಇಲ್ಲಿಯೇ. ನಡುವಿನ ರೂಟರ್‌ಗಳು ತಾವು ಕೊಡುವ ಉತ್ತರಕ್ಕೆ ಮಿತಿ ಹಾಕಿಕೊಂಡಿರುತ್ತವೆ; ನಮ್ಮ ಪ್ಯಾಕೆಟ್ಟನ್ನು ಮುಂದೆ ದಾಟಿಸುವುದರಲ್ಲಿ ಕೊರತೆ ಇರುವುದಿಲ್ಲ. ನಿಜವಾದ ನಷ್ಟವಾದರೆ ಆ ಹಾಪ್‌ನಿಂದ ಕೊನೆಯವರೆಗೂ ಕಾಣಬೇಕು.

ಆದರೆ ಕೊನೆಯ ಆ ಸೊನ್ನೆಯನ್ನೂ ನಾನು ನಂಬಲಿಲ್ಲ. 100ರಲ್ಲಿ ಒಂದೂ ಕಳೆಯದಿದ್ದರೂ ನಿಜವಾದ ನಷ್ಟ 3%ವರೆಗೆ ಇರಬಹುದು. ಲಿನಕ್ಸ್‌ನ ಪಿಂಗನ್ನು, ಅಂದರೆ ಪ್ಯಾಕೆಟ್ ಕಳಿಸಿ ಉತ್ತರ ಬಂತೇ ಎಂದು ನೋಡುವ ಆಜ್ಞೆಯನ್ನು, 0.2 ಸೆಕೆಂಡಿಗೊಂದರಂತೆ 18,000 ಸಲ, ಅಂದರೆ ಸರಿಯಾಗಿ ಒಂದು ಗಂಟೆ ಓಡಿಸಿದೆ. ದೊಡ್ಡಕ್ಷರದ ಡಿ ಆಯ್ಕೆ ಕೊಟ್ಟರೆ ಪ್ರತಿ ಸಾಲಿಗೂ ಸಮಯ ಬೀಳುತ್ತದೆ, ದೊಡ್ಡಕ್ಷರದ ಓ ಕೊಟ್ಟರೆ ಬಾರದ ಉತ್ತರವೂ ದಾಖಲಾಗುತ್ತದೆ. ಇವೆರಡಿಲ್ಲದೆ ನಾನು ಅಳೆಯುವುದೇ ಇಲ್ಲ.

ಕಳೆದದ್ದು 270. ಸರಾಸರಿ 1.5%, ಕೇಳಲು ಅಲ್ಪ. ಪ್ಯಾಕೆಟ್ಟುಗಳ ಸೀಕ್ವೆನ್ಸ್ (ಕ್ರಮ) ಸಂಖ್ಯೆ ನೋಡಿದರೆ ಬೇರೆಯೇ ಕತೆ: ಹತ್ತು, ಹದಿನೈದು ಪ್ಯಾಕೆಟ್ ಸಾಲಾಗಿ ಮಾಯ, ನಡುವೆ ನಿಮಿಷಗಟ್ಟಲೆ ಒಂದೂ ಕಳೆದಿಲ್ಲ. ಅಂದರೆ ಪ್ರತಿ ಸಲ ಎರಡು ಮೂರು ಸೆಕೆಂಡಿನ ಮಾತು ಹೋಯಿತು.

"ಗಾಳಿ ಬೀಸಿದಾಗಲೇ ಅಲ್ವಾ ಮಾರಾಯ ಇದು?" ಎಂದಳು ಜಗಲಿಯಲ್ಲಿ ಕೂತಿದ್ದ ಅಕ್ಕ. ಫೈಬರ್ ಪೆಟ್ಟಿಗೆಯ ಪುಟವನ್ನು ಬ್ರೌಸರಿನಲ್ಲಿ ತೆರೆದೆ. ಬರುವ ಬೆಳಕು ಗಾಳಿ ಇಲ್ಲದಾಗ ಮೈನಸ್ 22 ಡಿಬಿಎಂ (ಬೆಳಕಿನ ಬಲದ ಅಳತೆ), ಬೀಸಿದಾಗ ಮೈನಸ್ 29; ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಮನೆಗಳಲ್ಲಿ ಸಾಮಾನ್ಯವಾಗಿರುವ ಜಿಪಾನ್ ಎಂಬ ಬಗೆಯ ಫೈಬರ್ ಪೆಟ್ಟಿಗೆ ಮೈನಸ್ 27ರವರೆಗೆ ಓದಿದರೆ ಹೆಚ್ಚು.

ಕೊಡೆ ಹಿಡಿದು ಅಂಗಳಕ್ಕಿಳಿದೆ. ಕಂಪೌಂಡಿನಾಚೆ ಜೋತುಬಿದ್ದ ತೆಂಗಿನ ಮಡಲೊಂದು ಫೈಬರನ್ನು ಒತ್ತಿ ಬಗ್ಗಿಸುತ್ತಿತ್ತು. ಇಂಟರ್ನೆಟ್ ಕಂಪನಿಗೆ ನಷ್ಟದ ಸಮಯದ ಪಟ್ಟಿ ಕಳಿಸಿದ್ದಕ್ಕೆ ಲೈನಿನ ಹುಡುಗ ಮರುದಿನವೇ ಬಂದ, ಬಗ್ಗಿದ ತುಂಡು ಕತ್ತರಿಸಿ ಹೊಸದಾಗಿ ಜೋಡಿಸಿದ. ಆ ರಾತ್ರಿ ಜೋರು ಗಾಳಿಮಳೆಯಲ್ಲೇ ಮತ್ತೆ 18,000 ಓಡಿಸಿದೆ. ಕಳೆದದ್ದು ಎರಡು.