ಟ್ರ್ಯಾಕ್ ಕಾರಿಗೆ ಇಂಜಿನ್ ಮೌಂಟ್ ಹಾಕಿಸುವ ಮುಂಚೆ

ಕೊಯಮತ್ತೂರಿನ ‘ಕರಿ ಮೋಟಾರ್ ಸ್ಪೀಡ್‌ವೇ’ ರೇಸ್ ಟ್ರ್ಯಾಕ್‌ಗೆ ಕಾರು ಒಯ್ಯುವ ಗೆಳೆಯರಿಗೆ ಒಂದು ಮಾತು. ತಿರುವಿನಲ್ಲಿ ಗೇರ್ ಸರಿಯಾಗಿ ಬೀಳುತ್ತಿಲ್ಲ ಅಂದರೆ ಸುಮ್ನೆ ಕ್ಲಚ್ ಬಿಚ್ಚಿಸಬೇಡಿ, ಮೊದಲು ಇಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಮೌಂಟ್ ನೋಡಿ. ರಬ್ಬರ್ ಸೋತರೆ ಇಂಜಿನ್, ಗೇರ್‌ಬಾಕ್ಸ್ ಎರಡೂ ಪಕ್ಕಕ್ಕೆ ವಾಲುತ್ತವೆ. ಆಗ ಮೂರನೇ ಗೇರ್‌ಗೆ ತಳ್ಳಿದ ಲಿವರ್ ಒಂದಕ್ಕೆ ಹೋದರೆ ಇಂಜಿನ್ ಕಥೆ ಮುಗೀತು.

ನನ್ನ ಕಾರು ಸಂಪಾಜೆ ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಒತ್ತಿದಾಗಲೆಲ್ಲ ‘ಡುಬ್’ ಅನ್ನುತ್ತಿತ್ತು. ಮನೆಗೆ ಬಂದು ಕಾಫಿ ಕಣದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹಾರೆಯಿಂದ ಮೆಲ್ಲಗೆ ಮೀಟಿದೆ. ಎಡಗಡೆ ಮೌಂಟಿನ ರಬ್ಬರ್ ಕಬ್ಬಿಣ ಬಿಟ್ಟು ಬಾಯಿ ತೆರೆದಿತ್ತು. ಮೇಲಿಂದ ಸೋರಿದ ಆಯಿಲ್ ಅದನ್ನು ತಿಂದು ಹಾಕಿತ್ತು. ಸೋರಿಕೆ ನಿಲ್ಲಿಸದೆ ಹೊಸ ರಬ್ಬರ್ ಮೌಂಟ್ ಹಾಕಿದರೆ ಅದಕ್ಕೂ ಅದೇ ಗತಿ.

ರಸ್ತೆಗೂ ಬಳಸುವ ಕಾರಾದರೆ ಮೆತ್ತನೆಯ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಮೌಂಟ್ ಸಾಕು, ಗಟ್ಟಿತನದ ಅಳತೆ ‘ಶೋರ್ ಎ’ಯಲ್ಲಿ 70-75ರ ಆಸುಪಾಸು. 95 ಹಾಕಿದರೆ ಐಡ್ಲಿಂಗ್‌ನಲ್ಲೇ ಕನ್ನಡಿ ನಡುಗುತ್ತದೆ, ಮನೆಯವರು ಹತ್ತೋದಿಲ್ಲ! ಗಟ್ಟಿ ಅಲ್ಯೂಮಿನಿಯಂ ಬರೀ ರೇಸ್ ಕಾರಿಗೆ. ಗೇರ್‌ಬಾಕ್ಸ್‌ಗೆ ಮಾತ್ರ ಗಟ್ಟಿ ಮೌಂಟ್ ಹಾಕಿ ಇಂಜಿನ್‌ಗೆ ಮೆತ್ತನೆಯದು ಬಿಡಬೇಡಿ. ಗೇರ್‌ಬಾಕ್ಸ್‌ನಲ್ಲಿ ಮೌಂಟ್ ಕೂರುವ ಕಿವಿ ಬಿರುಕು ಬಿಡಬಹುದು.

ಮೌಂಟ್ ಬದಲಿಸಲು ಇಂಜಿನ್ ಎತ್ತುವಾಗ ಜ್ಯಾಕ್ ಮತ್ತು ಆಯಿಲ್ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ನಡುವೆ ದಪ್ಪ ಹಲಗೆ ಇಡಿ. ಫ್ಯಾನ್, ರೇಡಿಯೇಟರ್ ಹೋಸ್, ಅರ್ಥ್ ವೈರ್ ಮೇಲೆ ಕಣ್ಣಿರಲಿ. ಬೋಲ್ಟ್‌ಗಳನ್ನು ಇಂಜಿನ್ ಭಾರ ಕೂತ ಮೇಲೇ ಪೂರ್ತಿ ಬಿಗಿಯಿರಿ, ಮೊದಲ ಟ್ರ್ಯಾಕ್ ದಿನ ಮುಗಿದ ಮೇಲೆ ಇನ್ನೊಮ್ಮೆ ನೋಡಿ.