ಹದಿನೈದು ನಿಮಿಷದಲ್ಲಿ ಕೌನ್ಸೆಲಿಂಗ್ ಯಾವಾಗ? ನನ್ನ ಅನುಭವ

2018ರಲ್ಲಿ ನಾನು ಅಮೆರಿಕದ ಸ್ಟೆಪ್ 2 ಸಿಎಸ್ ಪರೀಕ್ಷೆಗೆ ತಯಾರಾಗುತ್ತಿದ್ದೆ. ಅಲ್ಲಿ ಡಾಕ್ಟರ್ ಆಗಲು ಆಗ ಬೇಕಿದ್ದ, ರೋಗಿಯನ್ನು ಹೇಗೆ ನೋಡುತ್ತೇವೆ, ಹೇಗೆ ಮಾತಾಡಿಸುತ್ತೇವೆ ಅಂತ ಅಳೆಯುವ ಪರೀಕ್ಷೆ ಅದು. ಮೈಸೂರಿನ ಕುವೆಂಪುನಗರದಲ್ಲಿ ದೊಡ್ಡಮ್ಮನ ಮನೆಯ ಹಾಲೇ ನನ್ನ ಪರೀಕ್ಷಾ ಕೋಣೆ. ದಿವಾನದ ಮೇಲೆ ರೋಗಿಯಾಗಿ ದೊಡ್ಡಮ್ಮ, ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು, ಮಧ್ಯೆ ಟೀಪಾಯಿ ಮೇಲೆ ಟೈಮರ್ ಹಾಕಿದ ಮೊಬೈಲ್. ಅವರು ರಿಟೈರ್ ಆದ ಇಂಗ್ಲಿಷ್ ಟೀಚರ್, ಹಾಗಾಗಿ ಭಾಷೆಯ ಅಭ್ಯಾಸವೂ ಆಗುತ್ತಿತ್ತು.

ಆ ಪರೀಕ್ಷೆಯಲ್ಲಿ 12 ಜನ ರೋಗಿಗಳು, ಎಲ್ಲರೂ ತರಬೇತಿ ಪಡೆದು ರೋಗಿಯ ಪಾತ್ರ ಮಾಡುವವರು. ಒಬ್ಬೊಬ್ಬರಿಗೆ 15 ನಿಮಿಷ, ಆಮೇಲೆ ನೋಟ್ ಬರೆಯಲು 10 ನಿಮಿಷ. ಆ 15 ನಿಮಿಷದಲ್ಲೇ ಹಿಸ್ಟರಿ (ತೊಂದರೆ ಏನು ಅಂತ ಕೇಳಿ ತಿಳಿಯುವುದು), ಎಕ್ಸಾಮಿನೇಷನ್, ಕೌನ್ಸೆಲಿಂಗ್ ಅಂದರೆ ರೋಗಿಗೆ ಬಿಡಿಸಿ ಹೇಳುವುದು ಎಲ್ಲಾ ಮುಗಿಯಬೇಕಿತ್ತು.

ಮೊದಲ ವಾರ ಎಲ್ಲವನ್ನೂ ರೆಕಾರ್ಡ್ ಮಾಡಿ ರಾತ್ರಿ ಕೇಳುತ್ತಿದ್ದೆ. ಒಂದು ಎದೆನೋವಿನ ಕೇಸ್. ಹಿಸ್ಟರಿಗೇ 9 ನಿಮಿಷ ಹೋಗಿತ್ತು. ಎಕ್ಸಾಮಿನೇಷನ್ ಮುಗಿದಾಗ 14 ನಿಮಿಷ 10 ಸೆಕೆಂಡ್. ಉಳಿದ 50 ಸೆಕೆಂಡಿನಲ್ಲಿ ಇಸಿಜಿ ಮಾಡಿಸಬೇಕು, ರಕ್ತ ಪರೀಕ್ಷೆ ಆಗಬೇಕು, ಸಿಗರೇಟ್ ಬಿಡಿ, ಉಪ್ಪು ಕಮ್ಮಿ ಮಾಡಿ, ದಿನಾ ವಾಕಿಂಗ್ ಹೋಗಿ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದೆ. ರೆಕಾರ್ಡಿಂಗ್‌ನ ಕೊನೆಯಲ್ಲಿ ದೊಡ್ಡಮ್ಮನ ಮಾತು: "ಪುಟ್ಟಿ, ಇಷ್ಟೊಂದು ಹೇಳಿದ್ಯಲ್ಲ, ನನಗೆ ಏನಾಗಿದೆ ಅಂತ ಹೇಳಲೇ ಇಲ್ವಲ್ಲ?"

ಎಂಬಿಬಿಎಸ್ ಕೊನೆಯಲ್ಲಿ ಹೌಸ್ ಸರ್ಜನ್ (ಇಂಟರ್ನ್) ಆಗಿದ್ದಾಗ ಓಪಿಡಿಯಲ್ಲಿ ಸಾಲು ಬಾಗಿಲಾಚೆಗೂ ಇರುತ್ತಿತ್ತು. ಚೀಟಿ ಬರೆಯುತ್ತಾ, ತಲೆ ಎತ್ತದೆ "ಬೀಡಿ ಬಿಡಬೇಕು" ಅಂದು ಮುಂದಿನವರನ್ನು ಕರೆಯುವುದು ರೂಢಿಯಾಗಿತ್ತು. ಅದೇ ರೂಢಿ ಇಲ್ಲೂ ಬಂದಿತ್ತು, ಕೌನ್ಸೆಲಿಂಗ್ ಅಂದರೆ ಕೊನೆಯಲ್ಲಿ ಹೇಳಿ ಕಳಿಸುವ ಮಾತು ಅಂತ.

ಆಮೇಲೆ ಅದನ್ನು ಎರಡು ಕಡೆ ಹಂಚಿದೆ. ಹಿಸ್ಟರಿ ಮಧ್ಯೆ ರೋಗಿ ಸಿಗರೇಟ್ ಸೇದುತ್ತೇನೆ ಅಂದ ಕೂಡಲೇ ಪೆನ್ ಕೆಳಗಿಟ್ಟು, "ಬಿಡಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?" ಅಂತ ಕೇಳಿ ಸುಮ್ಮನಿರುವುದು. ಉತ್ತರ ಬರುವವರೆಗೆ ಸುಮ್ಮನಿರುವುದೇ ಕಷ್ಟ. ಹೌದು ಅಂದರೆ, "ಕೊನೆಯಲ್ಲಿ ಇದರ ಬಗ್ಗೆ ಮಾತಾಡೋಣ" ಅಂದು ಮುಂದಿನ ಪ್ರಶ್ನೆ. 20 ಸೆಕೆಂಡ್ ಸಾಕು. ಕೊನೆಯಲ್ಲಿ ಹೊಸದಾಗಿ ಶುರು ಮಾಡಬೇಕಿಲ್ಲ, "ಮಗಳಿಗೋಸ್ಕರ ಬಿಡಬೇಕು ಅಂದಿರಲ್ಲ" ಅಂತ ಅವರ ಮಾತನ್ನೇ ಎತ್ತಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಪರೀಕ್ಷೆಯಲ್ಲಿ 5 ನಿಮಿಷ ಉಳಿದಿದೆ ಅಂತ ಅನೌನ್ಸ್ ಮಾಡುತ್ತಿದ್ದರು. ಅಷ್ಟರೊಳಗೆ ಸ್ಟೆತ್ ಕೈಯಲ್ಲಿರಬೇಕು, 12ನೇ ನಿಮಿಷಕ್ಕೆ ಎಕ್ಸಾಮಿನೇಷನ್ ಎಲ್ಲಿಗೆ ಬಂದಿದ್ದರೂ ನಿಲ್ಲಿಸಿ ಕೂರಬೇಕು ಅಂತ ಗಟ್ಟಿ ಮಾಡಿಕೊಂಡೆ. ಒಂದು ರಿಫ್ಲೆಕ್ಸ್ ನೋಡದೆ ಬಿಟ್ಟರೂ ಪರವಾಗಿಲ್ಲ, ರೋಗಿಗೆ ಏನಾಗಿರಬಹುದು ಅಂತ ಹೇಳದೆ ಎದ್ದು ಹೋಗಬಾರದು ಅನ್ನೋದು ನನ್ನ ಲೆಕ್ಕ. ಮೊದಲು ಏನಾಗಿರಬಹುದು ಅಂತ ಎರಡು ಸಾಧ್ಯತೆ, ಸುಲಭ ಮಾತಿನಲ್ಲಿ. ಆಮೇಲೆ ಯಾವ ಪರೀಕ್ಷೆ, ಯಾಕೆ. ಆಮೇಲೆ ಸಲಹೆ, ಅದೂ ಒಂದೇ. ಕೊನೆಗೆ "ಏನಾದರೂ ಕೇಳಬೇಕಾ?"

ಆದರೆ ನಡುವೆಯೇ ರೋಗಿ "ನನಗೆ ಹಾರ್ಟ್ ಅಟ್ಯಾಕಾ?" ಅಂತ ಕೇಳಿದರೆ ಅದನ್ನು ಕೊನೆಗೆ ತಳ್ಳಬೇಡಿ. ಆ ಭಯ ಇಟ್ಟುಕೊಂಡೇ ಉಳಿದ ಪ್ರಶ್ನೆಗೆಲ್ಲ ಉತ್ತರ ಕೊಡಬೇಕಲ್ವಾ? ಹೊಟ್ಟೆ ಹಿಡಿದುಕೊಂಡು ನರಳುತ್ತಿರುವವರಿಗೆ ಸಿಗರೇಟಿನ ಬುದ್ಧಿಮಾತೂ ಬೇಡ.

ಪರೀಕ್ಷೆಯಲ್ಲಿ ಬಂದ ಕೇಸ್‌ಗಳನ್ನು ಹೊರಗೆ ಹೇಳುವಂತಿಲ್ಲ. ಟೈಮಿಂಗ್ ಮಾತ್ರ ಹೇಳಬಲ್ಲೆ: ಹೆಚ್ಚಿನ ಕೋಣೆಗಳಿಂದ 14ನೇ ನಿಮಿಷದ ಹೊತ್ತಿಗೆ ಹೊರಬಂದೆ, ಉಳಿದ ಸಮಯ ನೋಟ್‌ಗೆ ಸೇರಿತು. ಪಾಸೂ ಆದೆ.

2021ರ ಜನವರಿಯಲ್ಲಿ ಆ ಪರೀಕ್ಷೆಯನ್ನೇ ನಿಲ್ಲಿಸಿದರು. ಈಗ ಜೂನಿಯರ್‌ಗಳು ಮ್ಯಾಂಚೆಸ್ಟರ್‌ಗೆ ಪ್ಲ್ಯಾಬ್ 2 (ಬ್ರಿಟನ್‌ನಲ್ಲಿ ಡಾಕ್ಟರ್ ಆಗಲು ಹೊರದೇಶದವರು ಕೊಡುವ ಇಂಥದ್ದೇ ಪರೀಕ್ಷೆ) ಕೊಡಲು ಹೋಗುವಾಗ ಕೇಳುತ್ತಾರೆ. ಅಲ್ಲಿ ಒಂದು ಸ್ಟೇಷನ್‌ಗೆ, ಅಂದರೆ ಒಂದು ಕೇಸ್‌ಗೆ, 8 ನಿಮಿಷ ಅಷ್ಟೇ, ಹಾಗಾಗಿ ಐದನೇ ನಿಮಿಷಕ್ಕೇ ವಿವರಿಸಲು ಶುರು ಮಾಡಿ ಅಂತೀನಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮೊಬೈಲನ್ನು ಬೋರಲು ಹಾಕಿಡಿ. ಒಂದು ಬೀಪ್ ಸಾಕು, ಕಣ್ಣು ರೋಗಿಯ ಮೇಲಿರಲಿ.