ಹೇಳಿದ್ದೊಂದು, ಕೇಳಿಸಬೇಕಾದ್ದು ಇನ್ನೊಂದು: ವಿಡಂಬನೆಯ ಪ್ರಬಂಧವನ್ನು ಓದುವುದು ಹೇಗೆ?

ರಾಯಚೂರಿನಲ್ಲಿ ಮೇ ತಿಂಗಳ ನಡುಹಗಲು ಬಸ್ಸಿನಿಂದ ಇಳಿದು ಬಂದ ನೆಂಟನನ್ನು ಮನೆಯ ಹಿರಿಯರು ‘ಸ್ವೆಟರ್ ತರೋದು ಮರ್ತಿಯೇನಪ?’ ಎಂದು ಕೇಳಿದರೆ ಆತ ಗಲಿಬಿಲಿಗೊಳ್ಳುವುದಿಲ್ಲ. ಕೊಪ್ಪಳದ ಸಂತೆಯಲ್ಲಿ ತೂಕದ ಮೋಸಕ್ಕೆ ಸಿಕ್ಕಿ ಮುಕ್ಕಾಲು ಕಿಲೋ ಬದನೆಕಾಯಿಗೆ ಒಂದು ಕಿಲೋದ ದುಡ್ಡು ಕೊಟ್ಟು ಬಂದ ಮಗನಿಗೆ ತಾಯಿ ‘ಭಾಳ ಶಾಣ್ಯಾ ಅದಿ ಬಿಡಪ ನೀ’ ಎಂದರೆ ಅದನ್ನು ಯಾರೂ ಹೊಗಳಿಕೆಯೆಂದು ತಿಳಿಯುವುದಿಲ್ಲ. ಮಾತಿನಲ್ಲಿ ಬರುವ ವ್ಯಂಗ್ಯವನ್ನು ಹಿಡಿಯಲು ನಮಗೆ ಪಾಠ ಬೇಕಿಲ್ಲ. ‘ಶಾಣ್ಯಾ’ ಎಂಬಲ್ಲಿ ಎಳೆದ ದನಿ ಮತ್ತು ಏರಿದ ಹುಬ್ಬು ಅರ್ಥವನ್ನು ಕೈಗೆ ಕೊಟ್ಟುಬಿಡುತ್ತವೆ. ಅದೇ ವ್ಯಂಗ್ಯವು ದನಿಯೂ ಮುಖವೂ ಇಲ್ಲದೆ ಅಚ್ಚಿನಲ್ಲಿ ಬಂದಾಗ ಒಳ್ಳೆಯ ಓದುಗರೂ ಎಡವುತ್ತಾರೆ.

ಪದವಿ ತರಗತಿಗಳಿಗೆ ಪಾಠ ಹೇಳುತ್ತಿದ್ದ ದಿನಗಳಲ್ಲಿ, ವಿಡಂಬನೆಯ ಪ್ರಬಂಧವೊಂದನ್ನು ಕುರಿತು ನಾನು ತಿದ್ದಿದ ಉತ್ತರಪತ್ರಿಕೆಯೊಂದರಲ್ಲಿ ‘ಈ ಲೇಖಕರಿಗೆ ಮಕ್ಕಳ ಮೇಲೆ ಕರುಣೆಯೇ ಇಲ್ಲ’ ಎಂಬ ಸಾಲಿತ್ತು. ನಾನು ಸೊನ್ನೆ ಕೊಟ್ಟೆ. ಉಳಿದವರೆಲ್ಲ ‘ಹೇಳಿದ್ದಕ್ಕೆ ವಿರುದ್ಧವಾದ ಅರ್ಥವೇ ವ್ಯಂಗ್ಯ’ ಎಂದು ಗೈಡಿನ ವಾಕ್ಯವನ್ನು ಇಳಿಸಿದ್ದರು, ಅವರಿಗೆ ಅಂಕ ಸಿಕ್ಕಿತು. ಪ್ರಬಂಧವನ್ನು ನಿಜವಾಗಿ ಓದಿ ಬೆಚ್ಚಿಬಿದ್ದವನು ಆ ಹುಡುಗನೊಬ್ಬನೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಗೈಡಿನ ಆ ವ್ಯಾಖ್ಯೆ ಎಷ್ಟು ದೂರ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅವನು ಓದಿದ ಪ್ರಬಂಧವನ್ನೇ ಮುಂದಿಟ್ಟುಕೊಂಡು ನೋಡೋಣ.

ಐರ್ಲೆಂಡಿನ ಡಬ್ಲಿನ್ ನಗರದ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನ ಡೀನ್, ಅಂದರೆ ಆ ದೊಡ್ಡ ಚರ್ಚಿನ ಮುಖ್ಯ ಪಾದ್ರಿ, ಆಗಿದ್ದ ಜೊನಾಥನ್ ಸ್ವಿಫ್ಟ್ 1729ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ ಕಿರುಪುಸ್ತಿಕೆ ‘ಎ ಮಾಡೆಸ್ಟ್ ಪ್ರೊಪೋಸಲ್’. ನಮ್ಮ ಮಾತಿನಲ್ಲಿ ‘ಒಂದು ವಿನಮ್ರ ಸಲಹೆ’ ಎನ್ನಬಹುದು. ಐರ್ಲೆಂಡಿನ ಬಡವರ ಮಕ್ಕಳು ತಂದೆತಾಯಿಗೂ ದೇಶಕ್ಕೂ ಹೊರೆಯಾಗದಂತೆ ಮಾಡಲು, ಒಂದು ವರ್ಷ ತುಂಬಿದ ಕೂಸುಗಳನ್ನು ಉಳ್ಳವರ ಊಟದ ಮೇಜಿಗೆ ಮಾರಬೇಕು ಎಂಬುದೇ ಆ ಸಲಹೆ.

ಓದಲು ಕುಳಿತಾಗ ಮೊದಲು ಮಾಡಬೇಕಾದ ಕೆಲಸವೆಂದರೆ, ಪ್ರಬಂಧದಲ್ಲಿ ‘ನಾನು’ ಎನ್ನುತ್ತಿರುವವನು ಯಾರು ಎಂದು ಕೇಳುವುದು. ನಮ್ಮ ಭಾಗದವರಿಗೆ ಇದು ಹೊಸದೇನಲ್ಲ. ಬಯಲಾಟದಲ್ಲಿ ರಾಕ್ಷಸನ ವೇಷ ಹಾಕಿದವನು ಗುಡುಗಿದಾಗ, ಹಗಲು ನಮ್ಮ ಜೊತೆ ಹೊಲದಲ್ಲಿ ಕಳೆ ತೆಗೆದವನು ಇವನೇ ಎಂಬುದನ್ನು ನಾವು ಮರೆಯುವುದೂ ಇಲ್ಲ, ಆಟ ಕೆಡುವಂತೆ ನೆನೆಯುವುದೂ ಇಲ್ಲ. ಸ್ವಿಫ್ಟ್ ಹಾಕಿದ ವೇಷ ರಾಕ್ಷಸನದಲ್ಲ, ಲೆಕ್ಕ ಬಲ್ಲ ಸಭ್ಯ ಗೃಹಸ್ಥನದು. ಆತ ಆರಂಭದಲ್ಲಿ ಬೀದಿಗಳಲ್ಲಿ ಮೂರು, ನಾಲ್ಕು, ಆರು ಮಕ್ಕಳನ್ನು ಕಟ್ಟಿಕೊಂಡು ಭಿಕ್ಷೆ ಬೇಡುವ ತಾಯಂದಿರನ್ನು ಕಂಡು ಮರುಗುತ್ತಾನೆ. ಆ ಮರುಕವನ್ನು ಕಂಡ ನಾವು ಅವನ ಪಕ್ಕದಲ್ಲಿ ನಂಬಿಕೆಯಿಂದ ಹೆಜ್ಜೆ ಹಾಕತೊಡಗುತ್ತೇವೆ. ಪುಸ್ತಿಕೆಯ ಮೇಲೆ ಲೇಖಕನ ಹೆಸರಿಲ್ಲದ್ದರಿಂದ ಆ ಕಾಲದ ಓದುಗನಿಗೆ ವೇಷದ ಹಿಂದಿನ ಮುಖ ನೇರವಾಗಿ ಕಾಣುತ್ತಲೂ ಇರಲಿಲ್ಲ.

ಎರಡನೆಯ ಹೆಜ್ಜೆಗೆ ಒಂದು ಪೆನ್ಸಿಲ್ ಬೇಕು. ದನಿ ಇಲ್ಲದ ಕಡೆ ಬರಹಗಾರ ಬೇರೆ ಗುರುತುಗಳನ್ನು ಬಿಟ್ಟಿರುತ್ತಾನೆ, ಅವುಗಳ ಕೆಳಗೆ ಗೆರೆ ಎಳೆಯುತ್ತ ಹೋಗಬೇಕು. ಈ ಪ್ರಬಂಧದಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದದ್ದು ಪದಗಳ ಜಾತಿ. ತಾಯಂದಿರನ್ನು ಕುರಿತು ಅನುಕಂಪದಿಂದ ಮಾತಾಡುತ್ತಿದ್ದವನು ಹಠಾತ್ತನೆ ಕೂಸು ‘ಈದ’ ಮಾತನ್ನು ಆಡುತ್ತಾನೆ. ಹೆಂಗಸರನ್ನು ತಳಿ ಹೆಚ್ಚಿಸುವ ಪ್ರಾಣಿಗಳಂತೆ ಎಣಿಸುತ್ತಾನೆ. ‘ಹೆತ್ತಳು’ ಮತ್ತು ‘ಈದಳು’ ಎಂಬ ಎರಡು ಕ್ರಿಯಾಪದಗಳ ನಡುವೆ ಎಷ್ಟು ಅಂತರವಿದೆಯೆಂದು ದನ ಸಾಕಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಬರುವುದು ಲೆಕ್ಕ. ವರ್ಷಕ್ಕೆ ಹುಟ್ಟುವ ಬಡ ಮಕ್ಕಳು 1,20,000. ತಳಿಗಾಗಿ 20,000 ಉಳಿಸಿಕೊಂಡು 1,00,000 ಮಾರಾಟಕ್ಕೆ. ಹುಟ್ಟಿದಾಗ 12 ಪೌಂಡ್ ತೂಗುವ ಕೂಸು ವರ್ಷಕ್ಕೆ 28 ಪೌಂಡ್. ಸಾಕಿದ ಖರ್ಚು 2 ಶಿಲ್ಲಿಂಗ್, ಮಾರಾಟದ ಬೆಲೆ 10 ಶಿಲ್ಲಿಂಗ್, ತಾಯಿಗೆ ನಿವ್ವಳ ಲಾಭ 8. ಸಾಕಿದ ಖರ್ಚಿನಲ್ಲಿ ಚಿಂದಿ ಬಟ್ಟೆಯೂ ಸೇರಿದೆ ಎಂದು ಸೂಚಿಸಲು ಆ ಪುಣ್ಯಾತ್ಮ ಮರೆಯುವುದಿಲ್ಲ! ಕೂಡಿಸಿ ಕಳೆಯುವುದರಲ್ಲಿ ಎಲ್ಲಿಯೂ ತಪ್ಪಿಲ್ಲ, ಮತ್ತು ತಪ್ಪಿಲ್ಲದಿರುವುದೇ ಇಲ್ಲಿನ ಭೀಕರತೆ. ಪ್ರಜೆಗಳನ್ನು ಅಂಕಿಗಳಾಗಿ ಎಣಿಸಿ ದೇಶದ ಸಂಪತ್ತನ್ನು ಲೆಕ್ಕ ಹಾಕುವ ವಿಧಾನವೊಂದು, ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಪೆಟ್ಟಿಯಂಥವರ ಬರಹಗಳ ಮೂಲಕ, ಸ್ವಿಫ್ಟ್‌ಗಿಂತ ಒಂದು ತಲೆಮಾರಿನ ಹಿಂದೆಯೇ ಬಂದಿತ್ತು. ಆ ಭಾಷೆಯ ಅಣಕವೂ ಇಲ್ಲಿ ಸೇರಿದೆ.

ನಗು ಎಲ್ಲಿ ಬಂತೆಂಬುದನ್ನೂ ಗುರುತು ಹಾಕಿಕೊಳ್ಳಿ. ಮನೆಯವರಷ್ಟೇ ಉಣ್ಣುವಾಗ ಮುಂದಿನ ಅಥವಾ ಹಿಂದಿನ ಕಾಲುಭಾಗ ಸಾಕು, ತುಸು ಮೆಣಸು ಉಪ್ಪು ಹಚ್ಚಿ ನಾಲ್ಕನೆಯ ದಿನ ಬೇಯಿಸಿದರೂ ಚೆನ್ನಾಗಿರುತ್ತದೆ, ಅದರಲ್ಲೂ ಚಳಿಗಾಲದಲ್ಲಿ, ಎಂದು ಅವನು ಅಡಿಗೆಯ ವಿವರಕ್ಕಿಳಿದಾಗ ನನಗೆ ಪ್ರತಿ ಸಲವೂ ನಗು ಬರುತ್ತದೆ, ಬಂದದ್ದಕ್ಕೆ ಮರುಕ್ಷಣವೇ ನಾಚಿಕೆಯಾಗುತ್ತದೆ. ಗಂಗಾವತಿಯ ಹಾಸ್ಯ ಸಂಜೆಯಲ್ಲಿ ನಕ್ಕು ಹಗುರಾಗಿ ಮನೆಗೆ ಬರುತ್ತೇವೆ. ಇಲ್ಲಿ ನಕ್ಕವನ ಮೇಲೆಯೇ ಭಾರ ಬೀಳುತ್ತದೆ. ಬಳ್ಳಾರಿ ಸೀಮೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchiಯವರ ತಿಂಮ ನಗಿಸುವಾಗಲೂ ಒಮ್ಮೊಮ್ಮೆ ಇಂಥ ಭಾರ ತಗಲುವುದುಂಟು, ಆದರೆ ತಿಂಮನಿಗೆ ನಮ್ಮ ಮೇಲೆ ಅಕ್ಕರೆಯಿದೆ. ಸ್ವಿಫ್ಟ್‌ನ ಗೃಹಸ್ಥನಿಗೆ ಅದೂ ಇಲ್ಲ.

ಇನ್ನು ಗೈಡಿನ ವ್ಯಾಖ್ಯೆಯ ವಿಷಯ. ‘ಮಕ್ಕಳನ್ನು ತಿನ್ನಿರಿ’ ಎಂಬ ಮಾತನ್ನು ತಿರುವಿ ಹಾಕಿದರೆ ‘ಮಕ್ಕಳನ್ನು ತಿನ್ನಬೇಡಿರಿ’ ಎಂದಾಗುತ್ತದೆ. ಇದನ್ನು ಹೇಳಲು ಪ್ರಬಂಧ ಯಾಕೆ ಬೇಕು? ಐರ್ಲೆಂಡಿನಲ್ಲಿ ಯಾರೂ ಮಕ್ಕಳನ್ನು ತಿನ್ನುತ್ತಿರಲಿಲ್ಲ. ವಿರುದ್ಧಾರ್ಥಕ್ಕೆ ನಿಂತವರು ಹೊಸ್ತಿಲಲ್ಲಿಯೇ ನಿಂತಂತೆ, ಏಕೆಂದರೆ ಸಲಹೆಯನ್ನು ತಿರುವಿ ಹಾಕಬಹುದಾದರೂ ಅದರೊಳಗೆ ತಿರುವಲಾಗದ, ಹೇಳಿದಂತೆಯೇ ನಿಜವಾದ ಮಾತುಗಳು ಹುದುಗಿರುತ್ತವೆ. ಅವುಗಳನ್ನು ಹೆಕ್ಕುವುದೇ ಮೂರನೆಯ ಹೆಜ್ಜೆ. ಈ ಮಾಂಸ ತುಸು ತುಟ್ಟಿಯಾದೀತು, ಆದ್ದರಿಂದ ಭೂಮಾಲೀಕರಿಗೇ ತಕ್ಕದ್ದು, ತಂದೆತಾಯಿಯರಲ್ಲಿ ಹೆಚ್ಚಿನವರನ್ನು ಆಗಲೇ ನುಂಗಿದವರಾದ ಅವರಿಗೇ ಮಕ್ಕಳ ಮೇಲೆ ಮೊದಲ ಹಕ್ಕು ಎಂದು ಗೃಹಸ್ಥ ಹೇಳುತ್ತಾನೆ. ಈ ವಾಕ್ಯದಲ್ಲಿ ‘ನುಂಗಿದವರು’ ಎಂಬುದು ವ್ಯಂಗ್ಯವೇ ಅಲ್ಲ, ವರದಿ. ಅಲ್ಲಿನ ಸಾಕಷ್ಟು ಭೂಮಿ ಇಂಗ್ಲೆಂಡಿನಲ್ಲಿ ಕುಳಿತ ಒಡೆಯರ ಕೈಯಲ್ಲಿತ್ತು, ಗೇಣಿ ಅಲ್ಲಿಗೆ ಹರಿದುಹೋಗುತ್ತಿತ್ತು, 1699ರ ಕಾಯಿದೆಯಿಂದ ಐರಿಷ್ ಉಣ್ಣೆ ಬಟ್ಟೆಯ ರಫ್ತು ಕಟ್ಟಾಗಿತ್ತು, 1720ರ ದಶಕದ ಕೊನೆಯ ವರ್ಷಗಳಲ್ಲಿ ಬೆಳೆಯೂ ಕೈಕೊಟ್ಟಿತ್ತು. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡಿ, ಮಳೆ ಹೋದ ವರ್ಷ ಗುಳೆ ಹೊರಡುವುದೆಂದರೆ ಏನೆಂದು ಬಲ್ಲ ರಾಯಚೂರು, ಕೊಪ್ಪಳದ ಓದುಗರಿಗೆ ಈ ವಾಕ್ಯ ಡಬ್ಲಿನ್‌ನಿಂದ ಬಂದದ್ದೆಂದು ಅನ್ನಿಸುವುದಿಲ್ಲ.

ಸಣ್ಣ ಮಾತೊಂದನ್ನು ನಡುವೆ ಹೇಳಬೇಕು. ನಮ್ಮ ಕಾವ್ಯಮೀಮಾಂಸೆಯಲ್ಲಿ ‘ವ್ಯಂಗ್ಯ’ವೆಂದರೆ ಸೂಚಿತವಾಗುವ ಅರ್ಥ, ಅಂದರೆ ಧ್ವನಿ; ಇಂದಿನ ಬಳಕೆಯ ವ್ಯಂಗ್ಯಕ್ಕೆ ಹತ್ತಿರವಾದದ್ದು ಸ್ತುತಿಯ ನೆಪದಲ್ಲಿ ನಿಂದೆ, ನಿಂದೆಯ ನೆಪದಲ್ಲಿ ಸ್ತುತಿ ಮಾಡುವ ವ್ಯಾಜಸ್ತುತಿ. ದಾಸರ ನಿಂದಾಸ್ತುತಿಗಳನ್ನು ಕೇಳಿ ಬೆಳೆದ ಮಾನ್ವಿ ಕಡೆಯವರಿಗೆ ಇದರ ಎರಡನೆಯ ಬಗೆ ಚಿರಪರಿಚಿತ. ವ್ಯಂಗ್ಯ ಒಂದು ಉಪಕರಣ; ವಿಡಂಬನೆಯೆಂಬುದು ಆ ಉಪಕರಣ ಹಿಡಿದು ಯಾರನ್ನಾದರೂ ಹಿಡಿದು ನಿಲ್ಲಿಸುವ ಉದ್ದೇಶ. ಆ ‘ಯಾರು’ ಎಂಬುದು ಗೊತ್ತಾಗದೆ ಓದು ಮುಗಿಯಿತೆಂದು ಪುಸ್ತಕ ಮುಚ್ಚಬಾರದು.

ಈ ಮೂರೂ ಹೆಜ್ಜೆಗಳನ್ನು ಒಂದು ಸಣ್ಣ ತುಣುಕಿನ ಮೇಲೆ ಪ್ರಯೋಗಿಸಿ ನೋಡಬಹುದು. ಇದು ಅಭ್ಯಾಸಕ್ಕಾಗಿ ನಾನೇ ಕಟ್ಟಿದ್ದು. ‘ಅದಿರಿನ ಲಾರಿಗಳ ಧೂಳಿನ ಬಗ್ಗೆ ಗ್ರಾಮಸ್ಥರು ವಿನಾಕಾರಣ ಬೇಸರಪಡುತ್ತಿದ್ದಾರೆ. ಮನೆಗಳಿಗೆ ಕೆಮ್ಮಣ್ಣು ಬಳಿಯುವ ಖರ್ಚು ಉಳಿದಿದೆ, ಹತ್ತಿ ಗಿಡದಲ್ಲಿಯೇ ಬಣ್ಣ ಪಡೆಯುತ್ತಿದೆ, ಮಕ್ಕಳು ಎಡೆಬಿಡದೆ ಕೆಮ್ಮುವುದರಿಂದ ಮಾಸ್ತರರಿಗೆ ಹಾಜರಿ ಕೂಗುವ ಶ್ರಮವೂ ತಪ್ಪಿದೆ.’ ಇಲ್ಲಿ ಮಾತಾಡುತ್ತಿರುವವನು ಧೂಳು ತಿನ್ನದವನು. ಉಳಿತಾಯ, ಶ್ರಮ ಎಂಬ ಅವನ ಮಾತುಗಳು ಕೆಮ್ಮನ್ನು ಸೌಕರ್ಯಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಕೆಮ್ಮು ಮಾತ್ರ ಎಷ್ಟು ತಿರುವಿದರೂ ಕೆಮ್ಮೇ. ಏಟು ಬಿದ್ದದ್ದು ಧೂಳಿಗಲ್ಲ, ಧೂಳಿನ ಲಾಭವನ್ನು ಹಾಗೆ ಲೆಕ್ಕ ಹಾಕುವ ನಾಲಗೆಗೆ.

ಕೊನೆಗೆ, ವೇಷ ಸರಿಯುವ ಜಾಗವನ್ನು ಹುಡುಕಬೇಕು. ಸ್ವಿಫ್ಟ್‌ನಲ್ಲಿ ಅದು ಪ್ರಬಂಧದ ಕೊನೆಯ ಭಾಗದಲ್ಲಿದೆ. ‘ಬೇರೆ ಉಪಾಯಗಳ ಮಾತನ್ನು ನನ್ನ ಮುಂದೆ ಯಾರೂ ಎತ್ತಬಾರದು’ ಎಂದು ರೇಗಿದ ಗೃಹಸ್ಥ, ಆ ಉಪಾಯಗಳನ್ನು ಒಂದೊಂದಾಗಿ ತಾನೇ ಹೇಳುತ್ತಾನೆ: ಊರು ಬಿಟ್ಟ ಒಡೆಯರ ಮೇಲೆ ಒಂದು ಪೌಂಡ್ ಹಣಕ್ಕೆ (ಅಂದರೆ 20 ಶಿಲ್ಲಿಂಗಿಗೆ) 5 ಶಿಲ್ಲಿಂಗ್ ತೆರಿಗೆ ಹಾಕುವುದು, ನಮ್ಮಲ್ಲೇ ತಯಾರಾದ ಬಟ್ಟೆಯನ್ನೂ ಪೀಠೋಪಕರಣವನ್ನೂ ಬಳಸುವುದು, ಒಕ್ಕಲುಗಳ ಮೇಲೆ ತುಸುವಾದರೂ ದಯೆ ಇರಬೇಕೆಂದು ಭೂಮಾಲೀಕರಿಗೆ ಕಲಿಸುವುದು. ಐರಿಷ್ ಸರಕನ್ನೇ ಬಳಸಿರೆಂದು ಸ್ವಿಫ್ಟ್ 1720ರಲ್ಲಿಯೇ ನೇರವಾಗಿ ಬರೆದಿದ್ದನೆಂಬುದು ಗೊತ್ತಿದ್ದರೆ, ಈ ಪಟ್ಟಿಯಲ್ಲಿ ಕೇಳಿಸುವುದು ಯಾರ ದನಿಯೆಂದು ಅನುಮಾನ ಉಳಿಯುವುದಿಲ್ಲ. ನೇರ ಮಾತನ್ನು ಒಂಬತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ಅದೇ ಮಾತನ್ನು ‘ಬೇಡ’ದ ಪಟ್ಟಿಯಲ್ಲಿಟ್ಟು ಓದಿಸುವ ಉಪಾಯವದು.

ಕಡೆಯ ವಾಕ್ಯವನ್ನು ಎರಡನೆಯ ಓದಿನಲ್ಲಿ ಗಟ್ಟಿಯಾಗಿ ಓದಿ, ಸಾಧ್ಯವಾದರೆ ಇನ್ನೊಬ್ಬರ ಎದುರಿಗೆ. ಈ ಸಲಹೆಯಿಂದ ತನಗೆ ಕಾಸಿನ ಲಾಭವೂ ಇಲ್ಲ, ತನ್ನ ಕಿರಿಯ ಮಗುವಿಗೆ ಒಂಬತ್ತು ವರ್ಷವಾಗಿದೆ, ಹೆಂಡತಿಗೆ ಹೆರುವ ವಯಸ್ಸು ದಾಟಿದೆ ಎಂದು ಗೃಹಸ್ಥ ಪ್ರಾಮಾಣಿಕತೆಯ ಪ್ರಮಾಣ ಮಾಡುತ್ತಾನೆ. ಕೇಳಿದವರು ಎಲ್ಲಿ ನಕ್ಕರು, ‘ಒಂಬತ್ತು’ ಎಂಬಲ್ಲಿಯೋ ‘ಲಾಭ’ ಎಂಬಲ್ಲಿಯೋ, ಎಂದು ಅವರನ್ನೇ ವಿಚಾರಿಸಿ.